ಸಿಇಟಿ ಕೆಮಿಸ್ಟ್ರಿ ಮುಗಿದ ಸಂಜೆ ಬರುವ ಕೀ ಆನ್ಸರ್‌ಗಳು: ಯಾವುದನ್ನು ಎಷ್ಟು ನಂಬಬೇಕು?

ಸಿಇಟಿಯ ರಸಾಯನಶಾಸ್ತ್ರ ಮಧ್ಯಾಹ್ನ 2.30ಕ್ಕೆ ಶುರುವಾದರೆ 3.50ಕ್ಕೆ ಮುಗಿಯುತ್ತದೆ. 60 ಪ್ರಶ್ನೆ, 60 ಅಂಕ, 80 ನಿಮಿಷ. ಕಾರವಾರದಲ್ಲಾಗಲಿ, ಕುಮಟಾ, ಶಿರಸಿಯಲ್ಲಾಗಲಿ, ಪರೀಕ್ಷಾ ಕೇಂದ್ರದ ಗೇಟು ದಾಟಿದ ಮಕ್ಕಳು ಬಸ್ ನಿಲ್ದಾಣ ಮುಟ್ಟುವ ಹೊತ್ತಿಗೆ ಪ್ರಶ್ನೆಪತ್ರಿಕೆಯ ಫೋಟೊ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ರಾತ್ರಿಯೊಳಗೆ ನಾಲ್ಕಾರು ಕೀ ಆನ್ಸರ್, ಅಂದರೆ ಸರಿಯುತ್ತರಗಳ ಪಟ್ಟಿ, ಬರುತ್ತವೆ. ಪತ್ರಿಕೆ ಕಷ್ಟವಿದ್ದ ವರ್ಷ ಆ ನಾಲ್ಕಾರರಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಒಂದರಲ್ಲಿ 48 ಬಂದವರಿಗೆ ಇನ್ನೊಂದರಲ್ಲಿ 41 ಬರುತ್ತದೆ, ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಈ ಕೀಗಳನ್ನು ಒಂದು ಸೇವೆ ಎಂದೇ ಪರಿಗಣಿಸಿ, ಯಾವುದು ಹೇಗೆ ತಯಾರಾಗುತ್ತದೆ, ಎಲ್ಲಿ ಎಡವುತ್ತದೆ, ಯಾವುದಕ್ಕೆ ಎಷ್ಟು ಬೆಲೆ ಕೊಡಬಹುದು ಎಂದು ಇಲ್ಲಿ ವಿಮರ್ಶೆ ಮಾಡಿದ್ದೇವೆ. ಖಾಸಗಿ ಕೋಚಿಂಗ್ ಸಂಸ್ಥೆಗಳ ಹೆಸರು ಹಾಕಿಲ್ಲ. ಒಂದೇ ಸಂಸ್ಥೆಯ ಕೀ ಒಂದು ವರ್ಷ ಚೆನ್ನಾಗಿದ್ದು ಮರುವರ್ಷ ಕೆಟ್ಟಿರಬಹುದು, ಹಾಗಾಗಿ ಹೆಸರಿಗಿಂತ ಕೀಯ ಮಾದರಿಯೇ ಮುಖ್ಯ.

ಮೊದಲು ವೇಳಾಪಟ್ಟಿ ನೋಡಿಕೊಳ್ಳಿ. 2024ರಲ್ಲಿ ಏಪ್ರಿಲ್ 18ಕ್ಕೆ ಜೀವಶಾಸ್ತ್ರ ಮತ್ತು ಗಣಿತ, 19ಕ್ಕೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಇತ್ತು. ಕೆಮಿಸ್ಟ್ರಿ ಮುಗಿದರೆ ಎಲ್ಲವೂ ಮುಗಿದಂತೆ. 2025ರಲ್ಲಿ ಇದು ತಿರುಗಿತು: ಏಪ್ರಿಲ್ 16ಕ್ಕೆ ಭೌತ, ರಸಾಯನ, 17ಕ್ಕೆ ಗಣಿತ, ಜೀವಶಾಸ್ತ್ರ. ಎರಡನೆಯ ರೀತಿಯ ವರ್ಷದಲ್ಲಿ ಕೆಮಿಸ್ಟ್ರಿಯ ಸಂಜೆ ಯಾವ ಕೀಯನ್ನೂ ತೆರೆಯಬೇಡಿ ಎಂಬುದೇ ನಮ್ಮ ಖಚಿತ ಸಲಹೆ. ಬೆಳಿಗ್ಗೆ ಗಣಿತದ 60 ಅಂಕ ಕಾಯುತ್ತಿರುವಾಗ, ಮೂರು ಗಂಟೆಯಲ್ಲಿ ಟೈಪ್ ಆದ ಅಕ್ಷರಗಳ ಪಟ್ಟಿಯೊಂದು ರಾತ್ರಿಯ ನಿದ್ದೆ ಕೆಡಿಸಬಾರದು.

ತಾಳೆ ನೋಡಲು ಎರಡು ವಸ್ತು ಬೇಕು. ಒಂದು, ಉತ್ತರದ ವೃತ್ತಗಳನ್ನು ತುಂಬುವ ಓಎಂಆರ್ ಹಾಳೆಯ ಅಭ್ಯರ್ಥಿ ಪ್ರತಿ. ಪರೀಕ್ಷೆ ಮುಗಿದಾಗ ಮೇಲ್ವಿಚಾರಕರು ಮೇಲಿನ ಹಾಳೆ ಇಟ್ಟುಕೊಂಡು ಕೆಳಗಿನ ನಕಲನ್ನು ಕೈಗೆ ಕೊಡುತ್ತಾರೆ. ಅದನ್ನು ಕನಿಷ್ಠ ಒಂದು ವರ್ಷ ಕಾದಿಡಬೇಕೆಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸೂಚನೆಯಲ್ಲೇ ಹೇಳುತ್ತದೆ. ಇನ್ನೊಂದು ನಿಮ್ಮದೇ ವರ್ಷನ್ ಕೋಡಿನ, ಅಂದರೆ ಪ್ರಶ್ನೆಗಳ ಕ್ರಮ ಬದಲಿಸಿದ ಪ್ರತಿಗಳಲ್ಲಿ ನಿಮಗೆ ಬಂದ ಪ್ರತಿಯ ಗುರುತಿರುವ, ಪ್ರಶ್ನೆಪತ್ರಿಕೆ. ನಕಲಿನಲ್ಲಿ ಕೆಲವು ವೃತ್ತಗಳು ಮಸುಕಾಗಿ ಮೂಡಿರುತ್ತವೆ. ಹಗಲು ಬೆಳಕಿನಲ್ಲೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಸೀಟು ಹಂಚುವ ಕೌನ್ಸೆಲಿಂಗ್ ಮುಗಿಯುವಷ್ಟರಲ್ಲಿ ಕರಾವಳಿಗೆ ಮಳೆಗಾಲ ಬಂದಿರುತ್ತದೆ. ತೇವ ಹಿಡಿದ ಕಪಾಟಿನಲ್ಲಿ ತೆಳು ಕಾಗದ ಹಾಗೇ ಇಡುವುದು ಬೇಡ, ಪ್ಲಾಸ್ಟಿಕ್ ಕವರಿಗೆ ಹಾಕಿ.

ಈಗ ಮೊದಲ ಸೇವೆಗೆ ಬರೋಣ. ಅದಕ್ಕೆ ದುಡ್ಡಿಲ್ಲ, ಡೇಟಾ ಬೇಡ: ಕಂಪೌಂಡಿನ ಹೊರಗೆ ನಿಂತ ಗೆಳೆಯರು. “ಅಮೈನ್‌ದು ನೀ ಎಂತ ಹಾಕಿದ್ದೆ?” “ಸಿ.” “ನಂದು ಬಿ ಮಾರಾಯ, ಹೋಯ್ತು.” ಈ ಮಾತಿನಲ್ಲಿ ಮೊದಲ ದೋಷ ಅಕ್ಷರದಲ್ಲೇ ಇದೆ. ಇಬ್ಬರ ವರ್ಷನ್ ಕೋಡ್ ಬೇರೆಯಾದರೆ ಪ್ರಶ್ನೆಗಳ ಕ್ರಮ ಬೇರೆ, ಆಯ್ಕೆಗಳ ಕ್ರಮವೂ ಬೇರೆಯಿರಬಹುದು. ಒಬ್ಬರ ಸಿ, ಇನ್ನೊಬ್ಬರ ಬಿ ಎರಡೂ ಒಂದೇ ಉತ್ತರವಾಗಿರಲು ಸಾಧ್ಯ. ಅಕ್ಷರ ಬಿಟ್ಟು ಆಯ್ಕೆಯ ವಾಕ್ಯವನ್ನೇ ಓದಿ ಹೇಳಬೇಕು. ಎರಡನೆಯ ದೋಷ ಬಹುಮತ. ಐವರಲ್ಲಿ ನಾಲ್ವರು ಒಂದೇ ಉತ್ತರ ಹಾಕಿದ್ದಾರೆ ಅಂದರೆ ಆ ನಾಲ್ವರು ಒಂದೇ ತಪ್ಪು ಮಾಡಿದ್ದಾರೆ ಎಂದೂ ಆಗಬಹುದು. ಕೆಮಿಸ್ಟ್ರಿಯಲ್ಲಿ ಇದು ಪದೇ ಪದೇ ಆಗುವ ಜಾಗಗಳು ಗೊತ್ತಿರುವಂಥವೇ.

ಅಮೈನ್‌ಗಳ, ಅಂದರೆ ಅಮೋನಿಯಾದ ಒಂದು, ಎರಡು ಅಥವಾ ಮೂರು ಹೈಡ್ರೋಜನ್ ಜಾಗದಲ್ಲಿ ಇಂಗಾಲದ ಗುಂಪು ಕೂತ ಸಂಯುಕ್ತಗಳ, ಪ್ರತ್ಯಾಮ್ಲೀಯತೆಯನ್ನೇ ತೆಗೆದುಕೊಳ್ಳಿ. ಅನಿಲ ಸ್ಥಿತಿಯಲ್ಲಿ ಕ್ರಮ ಸರಳ: ಮೂರನೇ ದರ್ಜೆಯದು ಹೆಚ್ಚು, ನಂತರ ಎರಡನೇ ದರ್ಜೆ, ಮೊದಲ ದರ್ಜೆ, ಕೊನೆಗೆ ಅಮೋನಿಯಾ. ನೀರಿನಲ್ಲಿ ಹಾಗಲ್ಲ. ಮೀಥೈಲ್ ಗುಂಪಾದರೆ ಎರಡು, ಒಂದು, ಮೂರು ಎಂಬ ಕ್ರಮ. ಈಥೈಲ್ ಗುಂಪಾದರೆ ಎರಡು, ಮೂರು, ಒಂದು. ಎನ್‌ಸಿಇಆರ್‌ಟಿ ಪಠ್ಯಪುಸ್ತಕದ ಪಿಕೆಬಿ ಬೆಲೆಗಳಲ್ಲಿ (ಕಡಿಮೆ ಇದ್ದಷ್ಟೂ ಪ್ರತ್ಯಾಮ್ಲೀಯತೆ ಹೆಚ್ಚು) ಟ್ರೈಈಥೈಲ್ ಅಮೈನ್ 3.25, ಈಥೈಲ್ ಅಮೈನ್ 3.29. ಅಂತರ ಇಷ್ಟೇ, ಆದರೆ ಉತ್ತರ ತಿರುಗುವುದು ಇಲ್ಲೇ. ಟ್ರೈಮೀಥೈಲ್ ಅಮೈನ್ 4.22ಕ್ಕೆ ಹೋಗುತ್ತದೆ. ಮೀಥೈಲಿನ ಕ್ರಮ ಬಾಯಿಪಾಠ ಮಾಡಿದವರು ಈಥೈಲಿಗೂ ಅದನ್ನೇ ಹಾಕುತ್ತಾರೆ, ಆಮೇಲೆ ಗುಂಪಿನಲ್ಲಿ ದೊಡ್ಡ ದನಿಯವರದೇ ಸರಿ ಅನ್ನಿಸಿಬಿಡುತ್ತದೆ.

ಇನ್ನೊಂದು, ಉಪ್ಪುನೀರಿನ ವಿದ್ಯುದ್ವಿಭಜನೆ. ಆನೋಡಿನಲ್ಲಿ ಬರುವುದು ಕ್ಲೋರಿನ್ನೋ ಆಕ್ಸಿಜನ್ನೋ? ಎಲೆಕ್ಟ್ರೋಡ್ ಪೊಟೆನ್ಶಿಯಲ್ ಬೆಲೆಗಳನ್ನಷ್ಟೇ ನೋಡಿದರೆ ಆಕ್ಸಿಜನ್‌ಗೆ 1.23 ವೋಲ್ಟ್, ಕ್ಲೋರಿನ್‌ಗೆ 1.36 ವೋಲ್ಟ್. ಕಡಿಮೆ ಇರುವುದು ಮೊದಲು ನಡೆಯಬೇಕೆಂದು ಚೆನ್ನಾಗಿ ಓದಿದ ಮಕ್ಕಳೇ ಆಕ್ಸಿಜನ್ ಬರೆಯುತ್ತಾರೆ. ಆದರೆ ಆಕ್ಸಿಜನ್ ಬಿಡುಗಡೆಗೆ ಓವರ್‌ಪೊಟೆನ್ಶಿಯಲ್, ಅಂದರೆ ಲೆಕ್ಕದ ಬೆಲೆಗಿಂತ ಮೇಲಿನ ವೋಲ್ಟೇಜ್, ಹೆಚ್ಚು ಬೇಕು, ಹಾಗಾಗಿ ನಿಜದಲ್ಲಿ ಬರುವುದು ಕ್ಲೋರಿನ್. ಕಾರವಾರದ ಮಗ್ಗುಲಲ್ಲೇ ಇರುವ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ ನಿಂತಿರುವುದು ಇದೇ ಕ್ರಿಯೆಯ ಮೇಲೆ: ಆನೋಡಿನಲ್ಲಿ ಕ್ಲೋರಿನ್, ಕ್ಯಾಥೋಡಿನಲ್ಲಿ ಹೈಡ್ರೋಜನ್, ದ್ರಾವಣದಲ್ಲಿ ಉಳಿಯುವುದು ಸೋಡಿಯಂ ಹೈಡ್ರಾಕ್ಸೈಡ್. ಈ ಜಿಲ್ಲೆಯ ಮಕ್ಕಳು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಾರದು. ಹೀಗಿದ್ದರೂ ಪ್ರಶ್ನೆಯಲ್ಲಿ ‘ಅತಿ ಸಾರರಿಕ್ತ (ಡೈಲ್ಯೂಟ್) ದ್ರಾವಣ’ ಎಂದಿದ್ದರೆ ಉತ್ತರ ಆಕ್ಸಿಜನ್ ಕಡೆಗೆ ವಾಲುತ್ತದೆ. ಗೆಳೆಯರ ಚರ್ಚೆಯ ನಿಜವಾದ ಲಾಭ ಇದೇ. ಉತ್ತರ ಯಾವುದು ಎಂಬುದಕ್ಕಿಂತ, ಪ್ರಶ್ನೆಯಲ್ಲಿ ಯಾವ ಪದ ಕಣ್ಣು ತಪ್ಪಿತು ಎಂಬುದು ಅಲ್ಲಿ ಹೊರಬೀಳುತ್ತದೆ. ‘ತಪ್ಪಾದ ಹೇಳಿಕೆ ಯಾವುದು’ ಎಂಬುದನ್ನು ‘ಸರಿಯಾದ ಹೇಳಿಕೆ’ ಎಂದು ಓದಿಕೊಂಡದ್ದು, ‘ಅತಿ ಹೆಚ್ಚು ಘನೀಕರಣ ಬಿಂದು’ ಕೇಳಿದ್ದಕ್ಕೆ ಅತಿ ಹೆಚ್ಚು ಅಯಾನು ಕೊಡುವ ಲವಣ ಗುರುತಿಸಿದ್ದು, ಇಂಥವು ಕೀ ನೋಡುವ ಮೊದಲೇ ಗೊತ್ತಾಗುತ್ತವೆ. ಅಂಕ ಲೆಕ್ಕಕ್ಕೆ ಈ ಸೇವೆಗೆ 5ರಲ್ಲಿ 2, ತಪ್ಪು ಹುಡುಕಲು 4.

ಎರಡನೆಯದು ಸಂಜೆಯ ಬೋಳು ಕೀ. ಒಂದು ಪುಟದ ಚಿತ್ರ, ಅದರಲ್ಲಿ 1ರಿಂದ 60ರವರೆಗೆ ಸಂಖ್ಯೆ, ಎದುರಿಗೆ ಎ, ಬಿ, ಸಿ, ಡಿ. ಕೆಳಗೆ ಸಂಸ್ಥೆಯ ಲೋಗೋ, ಕೆಲವೊಮ್ಮೆ ಅದೂ ಇರುವುದಿಲ್ಲ. ಇದು ತಯಾರಾಗುವ ರೀತಿ ತಿಳಿದರೆ ದೋಷವೂ ತಿಳಿಯುತ್ತದೆ. ಯಾವುದೋ ಒಂದು ವರ್ಷನ್ ಪತ್ರಿಕೆ ಸಿಕ್ಕಿದ ಕೂಡಲೇ ಮೂರ್ನಾಲ್ಕು ಉಪನ್ಯಾಸಕರು ಭೌತ, ಸಾವಯವ, ನಿರವಯವ ಎಂದು ಪ್ರಶ್ನೆ ಹಂಚಿಕೊಳ್ಳುತ್ತಾರೆ. ಬೇರೆ ಸಂಸ್ಥೆಗಿಂತ ಮೊದಲು ಹೊರಬಿಡುವ ಒತ್ತಡ. ಒಬ್ಬರು ಬಿಡಿಸಿದ್ದನ್ನು ಇನ್ನೊಬ್ಬರು ನೋಡುವುದಿಲ್ಲ. ಆಮೇಲೆ ಬೇರೆ ವರ್ಷನ್‌ಗಳಿಗೆ ಬದಲಾಯಿಸಿ ಬರೆಯುವಾಗ ಒಂದು ಸಾಲು ಜಾರಿದರೆ ಕೆಳಗಿನ ಅಷ್ಟೂ ಉತ್ತರ ಜಾರುತ್ತವೆ. 25ರವರೆಗೆ ಚೆನ್ನಾಗಿ ಹೊಂದಿ, ಅಲ್ಲಿಂದಾಚೆ ಒಮ್ಮೆಲೇ ಎಲ್ಲವೂ ತಪ್ಪಾಗುತ್ತಿದ್ದರೆ ಕೆಟ್ಟಿರುವುದು ನಿಮ್ಮ ಪರೀಕ್ಷೆಯಲ್ಲ, ಪಟ್ಟಿ.

ಸಂಖ್ಯಾ ಪ್ರಶ್ನೆಗಳಲ್ಲಿ ಬೋಳು ಕೀಯ ಇನ್ನೊಂದು ತೊಂದರೆ ಸ್ಥಿರಾಂಕ. ಕಾಪರ್ ಸಲ್ಫೇಟ್ ದ್ರಾವಣದಲ್ಲಿ 1.5 ಆಂಪಿಯರ್ ವಿದ್ಯುತ್ತನ್ನು 10 ನಿಮಿಷ ಹರಿಸಿದರೆ ಎಷ್ಟು ತಾಮ್ರ ಕೂಡುತ್ತದೆ ಎಂಬುದು ಪುಸ್ತಕದ್ದೇ ಲೆಕ್ಕ. 1.5 ಗುಣಿಸು 600 ಸೆಕೆಂಡ್, 900 ಕೂಲಂಬ್. ಪುಸ್ತಕ ತಾಮ್ರಕ್ಕೆ 63, ಫ್ಯಾರಡೆಗೆ 96487 ಹಿಡಿದು 0.2938 ಗ್ರಾಂ ಎನ್ನುತ್ತದೆ. 63.5 ಮತ್ತು 96500 ಹಿಡಿದವರಿಗೆ 0.2961 ಬರುತ್ತದೆ. ಇಂಥ ಪ್ರಶ್ನೆಯ ಆಯ್ಕೆಗಳು 0.29, 0.58, 0.15 ಎಂಬಂತೆ ದೂರ ದೂರ ಇದ್ದರೆ ಸಮಸ್ಯೆಯಿಲ್ಲ. ಹತ್ತಿರ ಹತ್ತಿರ ಇದ್ದರೆ ಪ್ರಶ್ನೆಯಲ್ಲಿ ಕೊಟ್ಟ ಪರಮಾಣು ರಾಶಿಯನ್ನೇ ಹಿಡಿಯಬೇಕು. ಅವಸರದಲ್ಲಿ ಬಿಡಿಸುವವರು ಬಾಯಿಗೆ ಬಂದದ್ದನ್ನು ಹಿಡಿದಿರುತ್ತಾರೆ. ಏಕಮಾನವೂ ಹಾಗೆಯೇ. ಅಸಿಟಿಕ್ ಆಮ್ಲದ ಸೀಮಿತ ಮೋಲಾರ್ ವಾಹಕತೆಗೆ ಕೋಲ್‌ರಾಶ್ ನಿಯಮದಂತೆ ಹೈಡ್ರೋಕ್ಲೋರಿಕ್ ಆಮ್ಲದ 425.9 ಕೂಡಿಸು ಸೋಡಿಯಂ ಅಸಿಟೇಟಿನ 91.0 ಕಳೆ ಸೋಡಿಯಂ ಕ್ಲೋರೈಡಿನ 126.4, ಒಟ್ಟು 390.5. ಇದು ಸೀಮೆನ್ಸ್ ಚದರ ಸೆಂಟಿಮೀಟರ್ ಲೆಕ್ಕ. ಆಯ್ಕೆಗಳನ್ನು ಚದರ ಮೀಟರ್‌ನಲ್ಲಿ ಕೊಟ್ಟಿದ್ದರೆ 10,000ದಿಂದ ಭಾಗಿಸಿ 0.03905 ಆಗಬೇಕು. ನೂರರಿಂದ ಭಾಗಿಸಿ 3.905ಕ್ಕೆ ಗುರುತು ಹಾಕಿದ ಕೀ ಬಂದರೆ ಆಶ್ಚರ್ಯ ಬೇಡ.

ಬೋಳು ಕೀಯನ್ನು ಪರೀಕ್ಷಿಸಲು ಹತ್ತು ನಿಮಿಷ ಸಾಕು. ನಿಮಗೆ ಸಂಶಯವೇ ಇಲ್ಲದ ಐದು ಪ್ರಶ್ನೆ ಆರಿಸಿ, ಆದರೆ ಅವು ಪತ್ರಿಕೆಯ ಆರಂಭ, ನಡು, ಕೊನೆ ಎಲ್ಲ ಕಡೆಯಿಂದಲೂ ಇರಲಿ. ನಿಕ್ಕಲ್ ಟೆಟ್ರಾಕ್ಲೋರೈಡ್ ಅಯಾನಿನ ಮ್ಯಾಗ್ನೆಟಿಕ್ ಮೊಮೆಂಟ್ 2.83 ಎಂಬುದು, ಪೆಂಟನ್-3-ಓನ್ ಅಯೋಡೋಫಾರ್ಮ್ ಪರೀಕ್ಷೆ ಕೊಡುವುದಿಲ್ಲ ಎಂಬುದು, ಇಂಥ ವಾದಕ್ಕೆ ಎಡೆಯಿಲ್ಲದವು. ಐದಕ್ಕೆ ಐದೂ ಹೊಂದಿದರೆ ಮುಂದುವರಿಯಿರಿ. ಒಂದು ತಪ್ಪಿದರೆ ವರ್ಷನ್ ಕೋಡ್ ಇನ್ನೊಮ್ಮೆ ನೋಡಿ. ಎರಡು ತಪ್ಪಿದರೆ ಆ ಕೀಯನ್ನು ಅಳಿಸಿ, ಬೇರೆ ಗುಂಪಿಗೆ ಕಳಿಸಲೂ ಬೇಡಿ. ಈ ಸೇವೆಗೆ 5ರಲ್ಲಿ ಒಂದೂವರೆ.

ಮೂರನೆಯದು ಹಂತ ಬಿಡಿಸಿದ ಕೀ, ಅಂದರೆ ಪ್ರತಿ ಪ್ರಶ್ನೆಗೂ ಯಾಕೆ ಎಂದು ಬರೆದ ಪಿಡಿಎಫ್. ಇದು ಮರುದಿನ ಅಥವಾ ಅದರ ಮಾರನೆಯ ದಿನ ಬರುತ್ತದೆ. ಕಾಯುವುದಕ್ಕೆ ಯೋಗ್ಯವಾದದ್ದು ಇದೊಂದೇ ಎಂದು ನಾವು ನಂಬುತ್ತೇವೆ. ಇದರಲ್ಲೂ ತಪ್ಪಿರುತ್ತದೆ, ಆದರೆ ಆ ತಪ್ಪು ಕಣ್ಣಿಗೆ ಕಾಣುತ್ತದೆ. ಯಾವ ಸೂತ್ರ ಹಿಡಿದರು, ಎಲ್ಲಿ ಜಾರಿದರು ಎಂದು ಬೆರಳಿಟ್ಟು ತೋರಿಸಬಹುದು.

ಒಂದು ಉದಾಹರಣೆ ಇದನ್ನು ಸ್ಪಷ್ಟ ಮಾಡುತ್ತದೆ. ‘2ಎ ಎಂಬುದು ಉತ್ಪನ್ನವಾಗುವ ಪ್ರಥಮ ದರ್ಜೆಯ ಕ್ರಿಯೆಯ ವೇಗ ಸ್ಥಿರಾಂಕ ನಿಮಿಷಕ್ಕೆ 0.0693, ಎ-ಯ ಹಾಫ್ ಲೈಫ್ (ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಎಷ್ಟು?’ ಎಂದು ಕೇಳಿದರೆಂದು ಇಟ್ಟುಕೊಳ್ಳಿ. ಆಯ್ಕೆಯಲ್ಲಿ 5 ನಿಮಿಷವೂ ಇದೆ, 10 ನಿಮಿಷವೂ ಇದೆ. 0.693ನ್ನು ಸ್ಥಿರಾಂಕದಿಂದ ಭಾಗಿಸಿದವರಿಗೆ 10. ಆದರೆ ಕ್ರಿಯೆಯ ವೇಗ ಎಂದರೆ ಎ ಕರಗುವ ವೇಗದ ಅರ್ಧ ಎಂದು ಹಿಡಿದರೆ ಎ-ಯ ಸಾಂದ್ರತೆ ಇಳಿಯುವುದು ಎರಡರಷ್ಟು ಸ್ಥಿರಾಂಕದಿಂದ. ಹಾಫ್ ಲೈಫ್ 5 ನಿಮಿಷ. ಪುಸ್ತಕದ ಸೂತ್ರ ಒಂದು ಆರ್ (ಕ್ರಿಯಾಕಾರಿ) ಒಂದು ಪಿ (ಉತ್ಪನ್ನ) ಆಗುವ ಕ್ರಿಯೆಗೆ ಬರೆದದ್ದು. ಬೋಳು ಕೀ ಇಲ್ಲಿ ಎ ಎಂದೋ ಬಿ ಎಂದೋ ಹೇಳಿ ಸುಮ್ಮನಾಗುತ್ತದೆ. ಹಂತ ಬಿಡಿಸಿದ ಕೀಯಲ್ಲಿ ಯಾವ ವ್ಯಾಖ್ಯೆಯ ಮೇಲೆ ನಿಂತಿದ್ದಾರೆ ಎಂಬುದು ಕಾಣುತ್ತದೆ, ಮುಂದೆ ಆಕ್ಷೇಪಣೆ ಸಲ್ಲಿಸಬೇಕಾದರೆ ಅದೇ ಸಾಮಗ್ರಿ. ಹಾಗೆಯೇ ಪ್ರಥಮ ದರ್ಜೆಯಲ್ಲಿ 99.9 ಶೇಕಡಾ ಮುಗಿಯಲು ಬೇಕಾದ ಸಮಯ ಹಾಫ್ ಲೈಫಿನ 10 ಪಟ್ಟು ಎನ್ನುತ್ತಾರೆ. ನಿಖರವಾಗಿ ಲೆಕ್ಕ ಹಾಕಿದರೆ ಬರುವುದು 9.97. ಆಯ್ಕೆಯಲ್ಲಿ 10 ಮಾತ್ರ ಇದ್ದರೆ ಅದೇ ಸರಿ, ‘ಇದು ತಪ್ಪು ಪ್ರಶ್ನೆ’ ಎಂದು ಗಲಾಟೆ ಮಾಡುವುದರಲ್ಲಿ ಹುರುಳಿಲ್ಲ.

ಒಳ್ಳೆಯ ಹಂತ-ಕೀ ಗುರುತಿಸುವುದು ಸುಲಭ. ಸಾವಯವ ಪ್ರಶ್ನೆಗಳಲ್ಲಿ ರಚನೆ ಬಿಡಿಸಿರುತ್ತಾರೆ. ನಿರವಯವದಲ್ಲಿ ಪುಸ್ತಕದ ಯಾವ ಘಟಕ ಎಂದು ಹೇಳಿರುತ್ತಾರೆ. ವಿವಾದ ಇರುವ ಪ್ರಶ್ನೆಗೆ ‘ಎರಡು ಉತ್ತರ ಸಾಧ್ಯ’ ಎಂದು ಧೈರ್ಯವಾಗಿ ಬರೆದಿರುತ್ತಾರೆ. ಮೂರನೆಯ ಗುಣ ಇರುವ ಕೀಗೆ ಬೆಲೆ ಜಾಸ್ತಿ. 60ಕ್ಕೆ 60ರಲ್ಲೂ ಸಂಶಯವೇ ಇಲ್ಲದಂತೆ ಬರೆದದ್ದಕ್ಕಿಂತ ಅದು ಹೆಚ್ಚು ಪ್ರಾಮಾಣಿಕ. 5ರಲ್ಲಿ 4.

ಯೂಟ್ಯೂಬಿನ ನೇರ ಚರ್ಚೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಕಾದ ಪ್ರಶ್ನೆಗೆ ಬರುವ ಮೊದಲು ಮುಂದಿನ ಬ್ಯಾಚಿನ ಜಾಹೀರಾತು ದಾಟಬೇಕು, ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಬಸ್ಸಿನಲ್ಲಿ ಕೂತು ನೋಡುವವರಿಗೆ ನೆಟ್‌ವರ್ಕ್ ಕೈ ಕೊಡುತ್ತದೆ. ಸಾವಯವ ಕ್ರಿಯೆಯ ಹೆಜ್ಜೆಗಳನ್ನು ಬೋರ್ಡಿನ ಮೇಲೆ ನೋಡಬೇಕಾದರೆ ಮಾತ್ರ ಉಪಯೋಗ. ಅದನ್ನೂ ಮನೆಗೆ ಹೋಗಿ, ಒಂದೂವರೆ ಪಟ್ಟು ವೇಗದಲ್ಲಿ.

ಫೋಟೊ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳು ಮತ್ತು ಎಐ ಚಾಟ್‌ಗಳು ಈಗ ಎಲ್ಲರ ಕೈಯಲ್ಲಿವೆ. ನೇರ ಸೂತ್ರದ ಲೆಕ್ಕಕ್ಕೆ ಒಪ್ಪಿಕೊಳ್ಳಬಹುದು. ಕೆಮಿಸ್ಟ್ರಿಯಲ್ಲಿ ಅವು ಎಡವುವುದು ಚಿತ್ರ ಓದುವಾಗ. ಬೆಂಜೀನ್ ಉಂಗುರದ ಮೇಲೆ ಗುಂಪು ಯಾವ ಸ್ಥಾನದಲ್ಲಿದೆ, ಬಂಧ ಒಂದೋ ಎರಡೋ, ಅಯಾನಿನ ಮೇಲಿನ ಆವೇಶ ಎಷ್ಟು, ಸಣ್ಣ ಅಕ್ಷರದ ಸಂಖ್ಯೆ ಎರಡೋ ಮೂರೋ, ಇವುಗಳನ್ನು ಮಸುಕು ಫೋಟೊದಿಂದ ತಪ್ಪಾಗಿ ಹಿಡಿದು ಅದರ ಮೇಲೆ ಬಹಳ ವಿಶ್ವಾಸದಿಂದ ಉತ್ತರ ಕಟ್ಟುತ್ತವೆ. ಬಳಸುವುದೇ ಆದರೆ ಫೋಟೊ ಬೇಡ. ಸಂಯುಕ್ತದ ಹೆಸರನ್ನು ಪೂರ್ತಿ ಟೈಪ್ ಮಾಡಿ, ಆಯ್ಕೆಗಳನ್ನು ಕೊಡದೆ ಪ್ರಶ್ನೆಯನ್ನಷ್ಟೇ ಕೇಳಿ. ಬಂದ ಉತ್ತರ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ತಾನಾಗಿ ಹೊಂದಿದರೆ ಸ್ವಲ್ಪ ನಂಬಬಹುದು. 5ರಲ್ಲಿ 2.

ಕೊನೆಯದು ಕೆಇಎ ಪ್ರಕಟಿಸುವ ತಾತ್ಕಾಲಿಕ ಕೀ. ಪರೀಕ್ಷೆಯಾಗಿ ಕೆಲವು ದಿನಗಳಲ್ಲಿ ಜಾಲತಾಣದಲ್ಲಿ ವರ್ಷನ್‌ವಾರು ಬರುತ್ತದೆ. ಇದರ ಗುಣ, ಅಂಕ ಕೊಡುವವರದ್ದೇ ಕೀ ಎಂಬುದು. ಇದರ ಕೊರತೆಯೂ ಗಂಭೀರವೇ: ಇದೂ ಬೋಳು ಕೀ, ಕಾರಣ ಕೊಡುವುದಿಲ್ಲ. ಒಂದು ಪ್ರಶ್ನೆಗೆ ಅವರು ಬಿ ಎಂದಿದ್ದಾರೆ, ನಿಮ್ಮ ಉಪನ್ಯಾಸಕರು ಡಿ ಎನ್ನುತ್ತಾರೆ; ಬಿ ಯಾಕೆ ಎಂದು ತಿಳಿಯುವ ದಾರಿಯಿಲ್ಲ. ಪ್ರತಿ ಪ್ರಶ್ನೆಗೆ ಎರಡು ಸಾಲಿನ ಸಮರ್ಥನೆ, ಪಠ್ಯದ ಘಟಕದ ಹೆಸರು ಸೇರಿಸಿದರೆ ಅರ್ಧಕ್ಕರ್ಧ ಆಕ್ಷೇಪಣೆ ಹುಟ್ಟುವುದೇ ಇಲ್ಲ. ದೂರದ ತಾಲ್ಲೂಕಿನ ಮಕ್ಕಳಿಗೆ ಅದರಿಂದ ಎಷ್ಟು ನೆಮ್ಮದಿ ಎಂಬುದನ್ನು ಪ್ರಾಧಿಕಾರ ಯೋಚಿಸಬೇಕು.

ಆಕ್ಷೇಪಣೆ ಸಲ್ಲಿಸುವ ಸೌಲಭ್ಯ ಮಾತ್ರ ಒಳ್ಳೆಯದು, ಅದನ್ನು ಬಳಸುವವರು ಕಡಿಮೆ ಎಂಬುದೇ ಬೇಸರ. ಜಾಲತಾಣದಲ್ಲಿ ಕೊಟ್ಟ ಕೊಂಡಿಯಲ್ಲಿ ವಿಷಯ, ವರ್ಷನ್ ಕೋಡ್, ಪ್ರಶ್ನೆ ಸಂಖ್ಯೆ ನಮೂದಿಸಿ, ಸಮರ್ಥನೆಯ ದಾಖಲೆಯನ್ನು ಪಿಡಿಎಫ್ ಮಾಡಿ ಹಾಕಬೇಕು. ಗಡುವು ಕೆಲವೇ ದಿನ. ದಾಖಲೆಯಿಲ್ಲದೆ ‘ಈ ಉತ್ತರ ತಪ್ಪು’ ಎಂದಷ್ಟೇ ಬರೆದದ್ದನ್ನು ಪರಿಗಣಿಸುವುದಿಲ್ಲ. ದಾಖಲೆಯಾಗಿ ಕೋಚಿಂಗ್ ಸಂಸ್ಥೆಯ ನೋಟ್ಸ್ ಲಗತ್ತಿಸುವುದು ವ್ಯರ್ಥ. ಪಠ್ಯಪುಸ್ತಕದ ಪುಟವೇ ಬೇಕು: ಮುಖಪುಟ, ಮುದ್ರಣದ ವರ್ಷ ಇರುವ ಪುಟ, ಸಂಬಂಧಪಟ್ಟ ಪ್ಯಾರಾಕ್ಕೆ ಗುರುತು ಹಾಕಿದ ಪುಟ, ಹೀಗೆ ಮೂರು. ಜೊತೆಗೆ ಆರೆಂಟು ಸಾಲಿನಲ್ಲಿ ಲೆಕ್ಕ ಅಥವಾ ವಾದ. ಒಂದು ಪ್ರಶ್ನೆಗೆ ಒಂದು ಪಿಡಿಎಫ್ ಮಾಡಿ. ಫೋನಿನಿಂದಲೂ ಆಗುತ್ತದೆ, ಸೈಬರ್ ಅಂಗಡಿಗೆ ಹೋಗುವುದಾದರೆ ಪುಟಗಳನ್ನು ಸ್ಕ್ಯಾನ್ ಮಾಡಿಸಿ, ವರ್ಷನ್ ಕೋಡನ್ನು ಮಾತ್ರ ನೀವೇ ಕೂತು ಟೈಪ್ ಮಾಡಿ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಆಕ್ಷೇಪಣೆ ಬೇರೆ ಯಾವುದೋ ಪ್ರಶ್ನೆಗೆ ಹೋಗಿ ಬೀಳುತ್ತದೆ.

ಮುದ್ರಣದ ವರ್ಷ ಯಾಕೆ ಮುಖ್ಯ ಎಂಬುದಕ್ಕೆ 2024ನ್ನು ನೋಡಿದರೆ ಸಾಕು. ಎನ್‌ಸಿಇಆರ್‌ಟಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಿಂದ ಘನಸ್ಥಿತಿ, ಮೇಲ್ಮೈ ರಸಾಯನ, ಲೋಹ ಬೇರ್ಪಡಿಕೆ, ಪಿ-ಬ್ಲಾಕ್, ಪಾಲಿಮರ್, ದೈನಂದಿನ ಜೀವನದ ರಸಾಯನಶಾಸ್ತ್ರ ಎಲ್ಲವನ್ನೂ ತೆಗೆದು ಹತ್ತು ಘಟಕಕ್ಕೆ ಇಳಿಸಿತ್ತು. ಆ ವರ್ಷದ ಸಿಇಟಿಯಲ್ಲಿ ಕೈಬಿಟ್ಟ ಪಠ್ಯದಿಂದ ಪ್ರಶ್ನೆ ಬಂದವು. ವಿದ್ಯಾರ್ಥಿಗಳೂ ಉಪನ್ಯಾಸಕರೂ ಪುಸ್ತಕ ಹಿಡಿದು ವಾದಿಸಿದ ಮೇಲೆ ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಟ್ಟರು, ರಸಾಯನಶಾಸ್ತ್ರದ್ದೇ 15. ಅದೇ ವರ್ಷ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ಭೌತಶಾಸ್ತ್ರದಲ್ಲಿ ಪರಮಾಣುವಿನ ಬಗೆಗಿನ ಒಂದು ಪ್ರಶ್ನೆಗೆ ಹಳೆಯ ಪುಸ್ತಕದಂತೆ ಒಂದು ಉತ್ತರ, ಹೊಸದರಂತೆ ಇನ್ನೊಂದು ಎಂದು ಎರಡಕ್ಕೂ ಅಂಕ ಕೊಟ್ಟಿದ್ದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ದೆಹಲಿ ಐಐಟಿಯ ತಜ್ಞರು ಒಂದೇ ಉತ್ತರ ಸರಿ ಎಂದ ಮೇಲೆ ಫಲಿತಾಂಶವೇ ಬದಲಾಯಿತು. ಅಣ್ಣನ ಹಳೆಯ ಪುಸ್ತಕದಲ್ಲಿ ಓದಿದವರು ಆಕ್ಷೇಪಣೆಗೆ ಮುಂಚೆ ಹೊಸ ಪುಸ್ತಕದ ಅದೇ ಪುಟವನ್ನು ನೋಡಲೇಬೇಕು. ಕೆಇಎ ಸೇವೆಗೆ 5ರಲ್ಲಿ ಮೂರೂವರೆ.

ಒಂದು ಅಂಕಕ್ಕಾಗಿ ಇಷ್ಟು ಒದ್ದಾಡಬೇಕೇ ಎಂದು ಪೋಷಕರು ಕೇಳುತ್ತಾರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ 180 ಅಂಕಕ್ಕೆ ಅರ್ಧ, ಪಿಯುಸಿಯ ಭೌತ, ರಸಾಯನ, ಗಣಿತದ 300 ಅಂಕಕ್ಕೆ ಇನ್ನರ್ಧ ತೂಕ. ಸಿಇಟಿಯ ಒಂದು ಅಂಕ ಅಂದರೆ ಒಟ್ಟಿನಲ್ಲಿ 0.28 ಶೇಕಡಾ, ಪಿಯುಸಿಯ ಒಂದು ಅಂಕ 0.17. ಸಿಇಟಿಯ ಮೂರು ಪ್ರಶ್ನೆ ಪಿಯುಸಿಯ ಐದು ಅಂಕಕ್ಕೆ ಸಮ. ಒಂದೇ ಅಂಕದ ಸುತ್ತ ತುಂಬ ಮಕ್ಕಳು ಗುಂಪಾಗಿ ನಿಂತಿರುವಾಗ ಇದು ಸಣ್ಣದಲ್ಲ. ಹಾಗಂತ ಒಂದು ಸಂಖ್ಯೆಗೆ ಅಂಟಿಕೊಳ್ಳುವುದೂ ಬೇಡ. ಹಾಳೆಯಲ್ಲಿ ಮೂರು ಕಂಬ ಎಳೆಯಿರಿ: ಖಚಿತ ಸರಿ, ಖಚಿತ ತಪ್ಪು, ವಿವಾದ. ಹಂತ-ಕೀ ಎರಡಾದರೂ ಒಪ್ಪಿದ್ದು ಮಾತ್ರ ಖಚಿತಕ್ಕೆ ಹೋಗಲಿ. ಖಚಿತ 43, ವಿವಾದ 5 ಇದ್ದರೆ ನಿಮ್ಮ ಅಂಕ 43ರಿಂದ 48ರ ನಡುವೆ. ಕಾಲೇಜಿನ ಪಟ್ಟಿ ಮಾಡುವಾಗ 43 ಹಿಡಿದೇ ಯೋಚಿಸಿ. ಸಿಇಟಿಯಲ್ಲಿ ಋಣಾಂಕ ಇಲ್ಲದ್ದರಿಂದ ಲೆಕ್ಕ ಇಷ್ಟೇ. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಕಳೆ 1. ಅಲ್ಲಿ ಒಂದು ವಿವಾದಿತ ಪ್ರಶ್ನೆ 5 ಅಂಕದ ವ್ಯತ್ಯಾಸ ತರುತ್ತದೆ, ಆಕ್ಷೇಪಣೆಗೆ ಪ್ರಶ್ನೆಯೊಂದಕ್ಕೆ 200 ರೂಪಾಯಿ ಶುಲ್ಕವೂ ಇದೆ, ಅದು ಮರಳಿ ಬರುವುದಿಲ್ಲ. ಉಪನ್ಯಾಸಕರಿಬ್ಬರು ಒಪ್ಪದೆ ಆ ದುಡ್ಡು ಕಟ್ಟಬೇಡಿ.

ಪಿಯುಸಿ ಮಂಡಳಿಯ ಪರೀಕ್ಷೆ ಬೇರೆ ಬಗೆಯದು, ಅಲ್ಲಿ ಗೆಳೆಯರ ಜೊತೆ ಉತ್ತರ ತಾಳೆ ನೋಡಿ ಅಂಕ ಹೇಳಲು ಬರುವುದಿಲ್ಲ. 70 ಅಂಕದ ಬರವಣಿಗೆಯಲ್ಲಿ ಹಂತಕ್ಕೆ ಅಂಕ. ಲೆಕ್ಕಕ್ಕೆ ಸಾಮಾನ್ಯವಾಗಿ ಸೂತ್ರಕ್ಕೊಂದು, ಬೆಲೆ ಹಾಕಿದ್ದಕ್ಕೊಂದು, ಏಕಮಾನ ಸಹಿತ ಉತ್ತರಕ್ಕೊಂದು. ಕೊನೆಯ ಉತ್ತರ ತಪ್ಪಾದವರಿಗೂ ಎರಡು ಸಿಗಬಹುದು, ಏಕಮಾನ ಬಿಟ್ಟವರಿಗೆ ಕಡಿತವಾಗಬಹುದು. ಇಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಸೇವೆ ಮಂಡಳಿಯದೇ ಸ್ಕ್ಯಾನ್ ಪ್ರತಿ. ಈಚಿನ ವರ್ಷಗಳಲ್ಲಿ ವಿಷಯವೊಂದಕ್ಕೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670. ಸ್ಕ್ಯಾನ್ ಪ್ರತಿ ತರಿಸದೆ ಎರಡನೆಯದಕ್ಕೆ ಹೋಗಲು ಆಗುವುದಿಲ್ಲ, ಅದು ಒಳ್ಳೆಯದೇ. ಪ್ರತಿ ಬಂದ ಕೂಡಲೇ ಮಂಡಳಿಯ ಮಾದರಿ ಉತ್ತರ ಪಕ್ಕದಲ್ಲಿಟ್ಟುಕೊಂಡು ಕ್ರಮವಾಗಿ ನೋಡಿ: ಪ್ರತಿ ಪುಟದಲ್ಲೂ ಕೆಂಪು ಗುರುತು ಇದೆಯೇ, ಹೊಡೆದುಹಾಕಿದ ಉತ್ತರದ ಬದಲು ಮುಂದೆ ಬರೆದದ್ದಕ್ಕೆ ಅಂಕ ಬಿದ್ದಿದೆಯೇ, ಒಳಪುಟದ ಅಂಕ ಮುಖಪುಟದ ಪಟ್ಟಿಗೆ ಏರಿದೆಯೇ, ಕೂಡಿಕೆ ಸರಿಯೇ. ಕೂಡಿಕೆ ತಪ್ಪಿದ್ದರೆ ಮರುಎಣಿಕೆ ಸಾಕು, ಅದಕ್ಕೆ ಶುಲ್ಕವಿಲ್ಲ. ಹಂತದ ಅಂಕ ಬಿಟ್ಟಿದ್ದು ಎರಡು ಮೂರು ಕಡೆ ಕಂಡರೆ, ಮತ್ತು ಕಾಲೇಜಿನ ಕೆಮಿಸ್ಟ್ರಿ ಉಪನ್ಯಾಸಕರು ಪ್ರತಿ ನೋಡಿ ಹೌದೆಂದರೆ, ಆಗ 1,670 ಕಟ್ಟಿ.